ಸಿದ್ದಾಪುರದ ನರ್ಸರಿಯ ಅಮ್ಮನಿಗೆ

ಹೋದ ತಿಂಗಳು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಬೇಕರಿಯ ಹಳೆಯ ಗಾಜಿನ ಭರಣಿಯೊಂದನ್ನು ಕೊಂಡು, ಅದರೊಳಗೆ ತೋಟ ಮಾಡುವ ಹುಮ್ಮಸ್ಸಿನಲ್ಲಿ ನಿಮ್ಮಲ್ಲಿಗೆ ಬಂದಿದ್ದೆ. ಆರಿಸಿದ್ದು ಕಳ್ಳಿ ಗಿಡ. “ಮುಚ್ಚಳ ಹಾಕಿದರೆ ಇದು ಕೊಳೆಯುತ್ತದೆ ಕಣಪ್ಪಾ” ಎಂದು ಅದನ್ನು ಕಿತ್ತುಕೊಂಡು ತೇವ ಇಷ್ಟಪಡುವ ಫಿಟೋನಿಯಾ ಎಂಬ ಪುಟ್ಟ ಎಲೆಗಿಡ ಕೊಟ್ಟಿರಿ. ಭರಣಿಗೆ ತೂತಿಲ್ಲ, ಅದಕ್ಕೇ ಅಡಿಗೆ ಎರಡು ಬೆರಳು ಜಲ್ಲಿ, ಮೇಲೆ ಇದ್ದಿಲ ಚೂರು, ಆಮೇಲೆ ಮಣ್ಣು ಎಂದಿರಿ. ನೀರಿನ ತೊಟ್ಟಿಯ ಗೋಡೆಯಿಂದ ಪಾಚಿಯನ್ನು ಚಾಕುವಿನಲ್ಲಿ ಎಬ್ಬಿಸಿ, ದೋಸೆ ಕಟ್ಟಿದಂತೆ ಪೇಪರಿನಲ್ಲಿ ಕಟ್ಟಿಕೊಟ್ಟಿರಿ. ಅದಕ್ಕೆ ಕಾಸು ಮುಟ್ಟಲಿಲ್ಲ. ಹೇಳಿದಂತೆ ಮೂರೇ ಚಮಚ ನೀರು ಹಾಕಿದೆ (ನಾಲ್ಕನೆಯದಕ್ಕೆ ಕೈ ತುರಿಸಿದ್ದು ನಿಜ). ಇಂದು ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ಹನಿಗಟ್ಟಿ, ಒಂದೊಂದೇ ಜಾರಿ ಪಾಚಿಗೆ ಇಳಿಯುತ್ತಿತ್ತು. ನಿಮ್ಮ ಹೆಸರು ಕೇಳುವುದನ್ನೇ ಮರೆತೆ ಅಮ್ಮಾ. ನಮಸ್ಕಾರ.