ಎಡಗೈ ಬರೆಸಿದ ಪತ್ರ

ಪ್ರಿಯ ಗುಂಡಣ್ಣ,

ನಾನು ಬಾಂಗೋ ಕಲಿಯುತ್ತಿದ್ದೇನೆ. ನಗಬೇಡ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಅಷ್ಟು ವರ್ಷ ಬಾಂಗೋ ಬಡಿದವನಿಗೆ ಈಗ ಕಲಿಯುವುದೇನು ಬಂತು ಎಂದು ಕೇಳುತ್ತೀಯ, ಗೊತ್ತು. ಗಣಪತಿಯ ಆಣೆಗೂ ಹೇಳುತ್ತೇನೆ, ನಾನು ಆಗ ನುಡಿಸುತ್ತಿದ್ದುದು ಢೋಲಕ್ಕನ್ನೇ. ವಾದ್ಯ ಮಾತ್ರ ಬೇರೆ ಇತ್ತು. ಹಾಡಿಗೆ ಅದೇ ಬೇಕಾಗಿತ್ತು, ಜನಕ್ಕೂ ಅದೇ ಬೇಕಾಗಿತ್ತು. ನಿನ್ನ ಕೀಬೋರ್ಡಿನ ಶ್ರುತಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ, ಇಲ್ಲಿ ಫೇಸ್‌ಬುಕ್ಕಿನಲ್ಲಿ ಬಹಳ ಜನ ಓದುತ್ತಿದ್ದಾರೆ.

ಕ್ಯೂಬಾದ ಪದ್ಧತಿಯಲ್ಲಿ ಕುರ್ಚಿಯ ತುದಿಗೆ ಕೂತು, ಜೋಡಿ ವಾದ್ಯವನ್ನು ಮೊಣಕಾಲುಗಳ ನಡುವೆ ಹಿಡಿಯಬೇಕು. ಚಿಕ್ಕದು ಮಾಚೋ, ಅದು ಎಡಕ್ಕೆ. ದೊಡ್ಡದು ಎಂಬ್ರಾ, ಬಲಕ್ಕೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆ ದ್ವೀಪದ ಪೂರ್ವ ಭಾಗದಲ್ಲಿ ಹುಟ್ಟಿ, ‘ಸೊನ್’ ಸಂಗೀತದ ಜೊತೆಗೆ ಹವಾನಾ ಸೇರಿದ ವಾದ್ಯ ಇದು. ಸ್ಕ್ರೂ ತಿರುಗಿಸಿ ಬಿಗಿ ಮಾಡುವ ಅನುಕೂಲ ಬರುವ ಮೊದಲು ಚರ್ಮದ ಮುಚ್ಚಿಗೆಯನ್ನು ಬೆಂಕಿಯ ಕಾವಿಗೆ ಹಿಡಿದು ಶ್ರುತಿ ಏರಿಸುತ್ತಿದ್ದರು, ನಮ್ಮ ತಮಟೆಯವರ ಹಾಗೆ. ಇದನ್ನು ಓದಿದ ದಿನ ನನಗಾದ ಸಂತೋಷಕ್ಕೆ ಕಾರಣವೇ ಇರಲಿಲ್ಲ.

ಕಲಿಕೆಯೆಲ್ಲ ‘ಮಾರ್ತಿಯೋ’ ಎಂಬ ಒಂದೇ ಒಂದು ನಡೆಯಲ್ಲಿದೆ. ಎಂಟು ಅಕ್ಷರಗಳ, ಅಂದರೆ ಎಂಟು ಪೆಟ್ಟುಗಳ ಆವರ್ತ. ಬೆಸ ಅಕ್ಷರಗಳು ಬಲಗೈಗೆ, ಸಮ ಅಕ್ಷರಗಳು ಎಡಗೈಗೆ. ಒಂದು ಮತ್ತು ಐದರಲ್ಲಿ ಬಲಗೈಯ ತೋರುಬೆರಳು ಮಾಚೋ ಅಂಚಿನಲ್ಲಿ ಬಿದ್ದು ಠಣ್ಣನೆ ಏಳಬೇಕು. ಏಳರಲ್ಲಿ ಅದೇ ಕೈ ಎಂಬ್ರಾಕ್ಕೆ ದಾಟಿ ಒಂದು ತುಂಬಿದ ನಾದ ಎಬ್ಬಿಸಿ ವಾಪಸು ಬರಬೇಕು. ಅಂಗೈ ಬಳಸಿದೆಯೋ, ಕೆಟ್ಟೆ. ಬೆರಳಿನ ತುದಿಯ ಮೆತ್ತನೆಯ ಭಾಗವೇ ಕೆಲಸ ಮಾಡಬೇಕು. 1940ರ ದಶಕದಲ್ಲಿ ನ್ಯೂಯಾರ್ಕಿನ ಮಚೀತೋ ವಾದ್ಯವೃಂದದಲ್ಲಿ ಬಾಂಗೋ ನುಡಿಸುತ್ತಿದ್ದ ಹೊಸೆ ಮಂಗ್ವಾಲ್ ಎಂಬ ಪೋರ್ಟೊರಿಕೋದ ಮಹಾನುಭಾವನನ್ನು ಕೇಳಿ ನೋಡು. ಅಷ್ಟೊಂದು ತುತ್ತೂರಿಗಳ ನಡುವೆ ಆತ ಗಟ್ಟಿಯಾಗಿ ಬಡಿಯುತ್ತಾನೆ ಅನ್ನಿಸುವುದೇ ಇಲ್ಲ, ಆದರೂ ಕೇಳಿಸುತ್ತಾನೆ.

ಇನ್ನು ಎಡಗೈ. ಅದು ಮಾಚೋ ಮೇಲೆಯೇ ಇದ್ದು ಒಮ್ಮೆ ಹೆಬ್ಬೆರಳಿನ ಬದಿಗೆ, ಒಮ್ಮೆ ಬೆರಳ ತುದಿಗಳಿಗೆ ವಾಲುತ್ತಿರಬೇಕು. ಕೇಳುಗರಿಗೆ ಅದು ಹೆಚ್ಚುಕಡಿಮೆ ಕೇಳಿಸುವುದಿಲ್ಲ. ಪೆಂಡಾಲಿನಲ್ಲಿ ನನ್ನ ಎಡಗೈ ಏನು ಮಾಡುತ್ತಿತ್ತು ಎಂದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ವೇಗ ಎಲ್ಲವನ್ನೂ ಮುಚ್ಚಿ ಹಾಕುತ್ತಿತ್ತು. ಈಗ ತಾಳ ಹಿಡಿಯುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಕೂರುತ್ತೇನೆ, ಅಷ್ಟು ನಿಧಾನದಲ್ಲಿ ಯಾವುದನ್ನೂ ಮುಚ್ಚಲು ಬರುವುದಿಲ್ಲ.

ಬೆರಳ ತುದಿಗಳು ತಡವಾಗಿ ಬರುತ್ತಿವೆ, ಗುಂಡಣ್ಣ. ಪ್ರತಿಸಲವೂ ಅಲ್ಲ. ಕಿರುಬೆರಳು, ಉಂಗುರದ ಬೆರಳು ಎರಡೂ ಒಂದು ಕೂದಲೆಳೆಯಷ್ಟು ಹಿಂದೆ. ಅಭ್ಯಾಸ ಸಾಲದು ಎಂದುಕೊಂಡೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ, ಬೆಳಿಗ್ಗೆಯದನ್ನೂ ರಾತ್ರಿಯದನ್ನೂ ಹೋಲಿಸಿದೆ. ನಮ್ಮಪ್ಪ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದುದು ನೆನಪಿದೆಯೇ? ‘ನಿಮ್ಮಪ್ಪ ಕಾಫಿಯನ್ನು ತೀರ್ಥದ ಹಾಗೆ ಕುಡಿಯುತ್ತಾರೆ’ ಎಂದು ನೀನು ನಕ್ಕಿದ್ದೆ, ನಾನೂ ನಕ್ಕಿದ್ದೆ, ಅವರೂ ನಕ್ಕಿದ್ದರು. ಪಾರ್ಕಿನ್ಸನ್ ಎಂಬ ಹೆಸರು ಆಮೇಲೆ ಬಂತು. ಅವರಿಗೂ ಶುರುವಾದದ್ದು ಎಡಗೈಯಿಂದಲೇ.

ಮನೆಯಲ್ಲಿ ಹೇಳಿಲ್ಲ. ಈ ವಯಸ್ಸಿನಲ್ಲಿ ಇಷ್ಟು ಶ್ರದ್ಧೆಯೇ ಎಂದು ಇವಳು ನೆಂಟರ ಮುಂದೆ ಹೊಗಳುತ್ತಾಳೆ. ನನಗೆ ಮಾತ್ರ ಗೊತ್ತು, ನಾನು ಕೆಲವು ವಾರಗಳಿಂದ ಸಂಗೀತಕ್ಕಾಗಿ ಕೂರುತ್ತಿಲ್ಲ. ಬಾಗಿಲು ಹಾಕಿಕೊಂಡು ಕೈಯನ್ನು ಪರೀಕ್ಷೆ ಮಾಡುತ್ತೇನೆ. ಎಡಗೈ ಸರಿಯಾಗಿ ಬಿದ್ದ ದಿನ ಯಾರಿಗೂ ಕಾರಣ ಹೇಳದೆ ಮೈಸೂರು ಪಾಕ್ ತರುತ್ತೇನೆ. ಬೀಳದ ದಿನ ಮುಚ್ಚಿಗೆ ಸಡಿಲವಾಗಿದೆ ಎಂದುಕೊಂಡು ಸ್ಪ್ಯಾನರ್ ಹುಡುಕುತ್ತೇನೆ. ಡಾಕ್ಟರ ಹತ್ತಿರ ಹೋಗಬಹುದು. ಹೋದರೆ ಉತ್ತರ ಸಿಗುತ್ತದೆ, ಅದೇ ತೊಂದರೆ.

ಇಷ್ಟೆಲ್ಲ ಬರೆಯುವ ಉದ್ದೇಶ ಇರಲಿಲ್ಲ. ಮಾರ್ತಿಯೋ ಬಗ್ಗೆ ನಾಲ್ಕು ಸಾಲು ಬರೆದು ಜಾಣನೆನಿಸಿಕೊಳ್ಳೋಣ ಎಂದಿದ್ದೆ. ಪಕ್ಕದಲ್ಲಿ ನಿಂತು ಓದುತ್ತಿರುವ ಮಹನೀಯರೇ, ಅಗಸೆಬೀಜ, ನೆನೆಸಿದ ಬಾದಾಮಿ, ಅನುಲೋಮ ವಿಲೋಮಗಳ ಸಲಹೆ ದಯವಿಟ್ಟು ಬೇಡ. ಉಂಗುರದ ಬೆರಳು ಯಾರ ಮಾತನ್ನೂ ಕೇಳುವುದಿಲ್ಲ, ಯಾವ ವಾದ್ಯದವರನ್ನು ಬೇಕಾದರೂ ವಿಚಾರಿಸಿ. ಇವಳು ಫೇಸ್‌ಬುಕ್ ನೋಡುವುದನ್ನು ಬಿಟ್ಟಿದ್ದಾಳೆ, ಅವಳ ತಮ್ಮ ಬಿಟ್ಟಿಲ್ಲ. ಆದ್ದರಿಂದ ಇದನ್ನು ಹಾಕಿದ ಮೇಲೆ ರಾತ್ರಿ ಊಟಕ್ಕೆ ಮುಂಚೆ ನಾನೇ ಹೇಳಿಬಿಡಬೇಕು. ಬಹುಶಃ ಅದಕ್ಕಾಗಿಯೇ ಹಾಕುತ್ತಿದ್ದೇನೆ.

ಇರಲಿ, ಕ್ಯೂಬಾದವರು ಇದಕ್ಕೂ ವ್ಯವಸ್ಥೆ ಮಾಡಿಟ್ಟಿದ್ದಾರೆ. ಹಾಡು ಬಿಸಿಯೇರಿ ಮೊಂತೂನೋ ಭಾಗ ಬಂದಾಗ ಬಾಂಗೋದವನು ಬಾಂಗೋ ಕೆಳಗಿಟ್ಟು ಕೌಬೆಲ್ ಎತ್ತಿಕೊಳ್ಳುತ್ತಾನೆ. ಬಲಗೈಯಲ್ಲಿ ಕೋಲು, ಎಡಗೈಗೆ ಗಂಟೆ ಹಿಡಿದು ನಿಲ್ಲುವ ಕೆಲಸ. ಕೈ ಕೈಕೊಟ್ಟರೆ ನಾನು ನೇರವಾಗಿ ಗಂಟೆಗೆ ಬಡ್ತಿ ಪಡೆಯುತ್ತೇನೆ. ಶಬ್ದವಂತೂ ಪೆಂಡಾಲಿನ ಕೊನೆಯ ಸಾಲಿಗೂ ತಲುಪುತ್ತದೆ, ಆಮೇಲೆ ನೀನು ಯಾವ ಶ್ರುತಿಯಲ್ಲಿ ನುಡಿಸಿದರೂ ಯಾರಿಗೂ ತಿಳಿಯುವುದಿಲ್ಲ.

ದೀಪಾವಳಿಗೆ ಬರುವಾಗ ನನ್ನ ಕಾಂಗೋ ಡ್ರಮ್ಮಿನ ಕವರ್ ತಾ. ಅದನ್ನು ನಿನ್ನ ಗ್ಯಾಸ್ ಸಿಲಿಂಡರಿಗೆ ಹೊದಿಸಿದ್ದೀಯ ಎಂದು ಅತ್ತಿಗೆ ಬಾಯಿಬಿಟ್ಟಿದ್ದಾರೆ.

ನಿನ್ನ,
ಬಲಗೈ ಭಂಟ