ಶಿಶುವಿಗೆ ಬೇಕು ಬದಲಾಗದ ಮುಖ

ಅನಾಥ ಶಿಶುಗಳ ಪಾಲನೆ ಕುರಿತ ಚರ್ಚೆ ಕಟ್ಟಡ, ಹಾಲು, ಔಷಧಿಯ ಸುತ್ತಲೇ ನಿಂತುಬಿಡುತ್ತದೆ. ಮಗುವನ್ನು ದಿನವೂ ಎತ್ತಿಕೊಳ್ಳುವವರು ಯಾರು ಎಂದು ಕೇಳುವವರು ಕಡಿಮೆ. ರುಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದ ದಶಕದ ಆರಂಭದಲ್ಲಿ ಶಿಶುಗೃಹಗಳ 136 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಸಾಕು ಕುಟುಂಬಗಳಿಗೆ ಒಪ್ಪಿಸಿ ಅಧ್ಯಯನ ನಡೆಸಲಾಯಿತು. ಕುಟುಂಬ ಸೇರಿದ ಮಕ್ಕಳ ಬುದ್ಧಿಮತ್ತೆ, ಬಾಂಧವ್ಯ ಎರಡೂ ಸುಧಾರಿಸಿದವು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಹೆಚ್ಚು ಲಾಭವಾಯಿತು. ಸಿಬ್ಬಂದಿಯ ಪಾಳಿ ಬದಲಾದಂತೆ ಮುಖವೂ ಬದಲಾಗುವ ಶಿಶುಗೃಹದಲ್ಲಿ ಮಗು ಯಾರನ್ನು ನೆಚ್ಚಿಕೊಳ್ಳಬೇಕು? ದತ್ತು ಅಥವಾ ಸಾಕು ಕುಟುಂಬದ ಪ್ರಕ್ರಿಯೆ ಮಗುವಿಗೆ ಎರಡು ವರ್ಷ ತುಂಬುವ ಮುನ್ನವೇ ಮುಗಿಯಲಿ. ಅಲ್ಲಿಯವರೆಗೆ ಪ್ರತಿ ಶಿಶುವಿಗೂ ಕಾಯಂ ಆಗಿ ಒಬ್ಬಿಬ್ಬರು ಆರೈಕೆದಾರರನ್ನೇ ಗೊತ್ತುಪಡಿಸುವ ನಿಯಮ ಬರಲಿ.

– ಒಬ್ಬ ಓದುಗ