ಕ್ರಿಯೋಲ್ ಒಡೆದ ಇಂಗ್ಲಿಷ್ ಅಲ್ಲ

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯಾದವರೆಲ್ಲ ಮನೆಯಲ್ಲೂ ಇಂಗ್ಲಿಷ್‌ನಲ್ಲೇ ಮಾತಾಡುತ್ತಾರೆಂಬ ನಂಬಿಕೆ ನಮ್ಮಲ್ಲಿದೆ. ಅಲ್ಲಿನ 2021ರ ಜನಗಣತಿ ಪ್ರಕಾರ ಮನೆಯಲ್ಲಿ ಬರೀ ಇಂಗ್ಲಿಷ್ ಬಳಸುವವರು ಶೇ 72 ಮಾತ್ರ. ಉಳಿದವರಲ್ಲಿ ಮ್ಯಾಂಡರಿನ್, ಅರೇಬಿಕ್, ವಿಯೆಟ್ನಾಮೀಸ್, ಪಂಜಾಬಿ ಮುಂದಿವೆ. ಮೂಲನಿವಾಸಿ ಭಾಷೆಗಳು ನೂರೈವತ್ತಕ್ಕೂ ಹೆಚ್ಚು.

ಎಣಿಕೆಯಲ್ಲಿ ಪೆಟ್ಟು ತಿನ್ನುವವುಗಳಲ್ಲಿ ಒಂದು, ಉತ್ತರದ ಕ್ಯಾಥರಿನ್, ಕಿಂಬರ್ಲಿ ಕಡೆಯ ಮೂಲನಿವಾಸಿಗಳು ಆಡುವ ಕ್ರಿಯೋಲ್ ಭಾಷೆ. ಪದಗಳು ಇಂಗ್ಲಿಷ್ ಮೂಲದವು, ಹಾಗಾಗಿ ಕೇಳಿದವರು ‘ಒಡೆದ ಇಂಗ್ಲಿಷ್’ ಎಂದುಬಿಡುತ್ತಾರೆ. ವ್ಯಾಕರಣ ನೋಡಿ: ‘ಯುನ್ಮಿ’ ಎಂದರೆ ನೀನೂ ನಾನೂ; ‘ಮಿಬಲಾ’ ಎಂದರೆ ನಿನ್ನನ್ನು ಬಿಟ್ಟು ನಾವು. ಇಂಗ್ಲಿಷ್‌ಗೂ ಕನ್ನಡಕ್ಕೂ ಇಲ್ಲದ ಈ ಭೇದ ತುಳುವರಿಗೆ ಚೆನ್ನಾಗಿ ಗೊತ್ತು: ನಿನ್ನನ್ನೂ ಸೇರಿಸಿದರೆ ನಮ, ಬಿಟ್ಟರೆ ಎಂಕುಲು. ಆಸ್ಪತ್ರೆಯಲ್ಲಿ ‘ಇಂಗ್ಲಿಷ್ ಬರುತ್ತದಲ್ಲ’ ಎಂದುಕೊಂಡು ದುಭಾಷಿಯನ್ನು ಕರೆಸದಿದ್ದರೆ ಅರ್ಥ ತಪ್ಪುವುದು ಇಂಥಲ್ಲೇ.

ಜನಗಣತಿ ನಮೂನೆಯದ್ದೂ ಒಂದು ತೊಡಕು. ಇಂಗ್ಲಿಷ್ ಬಿಟ್ಟು ಒಬ್ಬರು ಒಂದೇ ಭಾಷೆಯನ್ನು, ಹೆಚ್ಚು ಬಳಸುವುದನ್ನು, ಬರೆಯಬೇಕು. ತುಳು, ಕನ್ನಡ ಎರಡೂ ಆಡುವವರ ಒಂದು ಭಾಷೆ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಅಲ್ಲಿರುವ ನಮ್ಮವರು ‘ಇಂಡಿಯನ್’ ಎಂದು ಗೀಚದೆ, ‘ಇತರ’ ಎಂಬಲ್ಲಿ ಭಾಷೆಯ ಹೆಸರನ್ನೇ ಬರೆಯಲಿ. ಕನ್ನಡಕ್ಕೂ ತುಳುವಿಗೂ ಅಲ್ಲಿನ ಭಾಷಾಪಟ್ಟಿಯಲ್ಲಿ ಬೇರೆ ಬೇರೆ ಸಂಕೇತಸಂಖ್ಯೆಗಳಿವೆ.

– ಓರ್ವ ಭಾಷಾಸಕ್ತ, ಮಂಗಳೂರು